ಎರಡು ಕೊಡದ ಜಳಕ

ಬಚ್ಚಲದೊಳಗೆ ನೀರು ಬೀಳುವ ಸದ್ದನ್ನು ದುರಗೇಶ ಎಣಿಸುತ್ತಿದ್ದ. ಐದು, ಆರು, ಏಳು. ಏಳಕ್ಕೆ ನಿಂತಿತು. ನಿನ್ನೆ ಒಂಬತ್ತಿತ್ತು. ಹೀಗೆ ಎಣಿಸಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಬಕೆಟ್ಟಿನ ಒಳಮೈಗೆ ತಾನೇ ಅಂಟಿಸಿದ್ದ ಅಳತೆಪಟ್ಟಿಯನ್ನು ಜಳಕಕ್ಕೆ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ ನೋಡಿದರೆ ಸಾಕಿತ್ತು. ಆದರೂ ಕಿವಿ ಅವನ ಮಾತು ಕೇಳುತ್ತಿರಲಿಲ್ಲ. ಆಚೆ ಒಬ್ಬಳು ಹೆಂಗಸು ಮೈ ತೊಳೆದುಕೊಳ್ಳುತ್ತಿದ್ದಾಳೆ, ಈಚೆ ಕಟ್ಟೆಯ ಮೇಲೆ ತಾನು ಮಗ್ಗು ಎಣಿಸುತ್ತಿದ್ದೇನೆ ಎಂಬುದು ನೆನಪಾದಾಗಲೆಲ್ಲ ಅವನು ತಲೆ ತಗ್ಗಿಸಿ ಹಾಳೆಯ ಮೇಲೆ ಏನಾದರೂ ಬರೆಯುತ್ತಿದ್ದ, ಬರೆಯಲು ಏನೂ ಇಲ್ಲದಾಗ ಬರೆದದ್ದರ ಮೇಲೆಯೇ ಪೆನ್ನು ಆಡಿಸುತ್ತಿದ್ದ. ಸಾವಳಗಿಯಲ್ಲಿ ಅವನ ಸೋದರಮಾವ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಾಲ್ಕು ಮಂದಿ ಕೇಳುವಂತೆ ಹೇಳಿದ್ದ: "ನಮ್ಮ ಹುಡುಗ ಬಿ.ಎ. ಮಾಡಿ ಮಂದಿ ಬಚ್ಚಲ ಅಳಿಯಾಕ ಹೊಂಟಾನ." ಆ ನಾಲ್ಕೂ ಮಂದಿ ನಕ್ಕಿದ್ದರು. ದುರಗೇಶನೂ ನಕ್ಕಿದ್ದ. ಅವರ ಜೊತೆ ನಕ್ಕಿದ್ದೇ ಅವನಿಗೆ ಈಗಲೂ ಚುಚ್ಚುತ್ತಿತ್ತು. ಬಚ್ಚಲದ ಬಾಗಿಲು ತೆರೆಯಿತು. ಮಧುಮತಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಅವನತ್ತ ನೋಡದೆ, ಬಕೆಟ್ಟನ್ನು ಅವನಿಗೆ ಕಾಣುವಂತೆ ಹೊಸ್ತಿಲ ಮೇಲಿಟ್ಟು ಒಳಗೆ ಹೋದಳು. ಪರೀಕ್ಷೆಯಲ್ಲಿ ಉತ್ತರ ಬರೆದು ಮುಗಿಸಿದವರು ಹಾಳೆ ಒಪ್ಪಿಸಿ ಹೋಗುವ ಹಾಗೆ.

ನೀರಿನ ಸಮೀಕ್ಷೆಯ ಈ ಕೆಲಸ ಇಷ್ಟೇ. ಒಂದು ಮನೆಯಲ್ಲಿ ಎರಡು ದಿನ, ಬೆಳಗಿನ ಐದರಿಂದ ರಾತ್ರಿ ಒಂಬತ್ತರವರೆಗೆ ಕೂತು, ಆ ಮನೆ ಯಾವುದಕ್ಕೆ ಎಷ್ಟು ನೀರು ಬಳಸುತ್ತದೆ ಎಂದು ಅಳೆದು ಬರೆಯುವುದು. ಸ್ನಾನ, ಬಟ್ಟೆ, ಪಾತ್ರೆ, ಅಡುಗೆ, ಕುಡಿಯಲು, ಶೌಚ, ನೆಲ, ಜಾನುವಾರು, ಇತರೆ, ಒಂಬತ್ತು ಕಾಲಂ. ಕೊಡ, ಹಂಡೆ, ಬಕೆಟ್ಟು, ತಂಬಿಗೆ, ಎಲ್ಲಕ್ಕೂ ಮುನ್ನಾದಿನ ನಂಬರು ಅಂಟಿಸಿ, ಪ್ರತಿಯೊಂದೂ ಎಷ್ಟು ಹಿಡಿಯುತ್ತದೆ ಎಂದು ಗಾಜಿನ ಜಾಡಿಯಿಂದ ಅಳೆದಿಟ್ಟುಕೊಂಡಿರಬೇಕು. ಮಧ್ಯದಲ್ಲಿ ಮನೆಯವರು ಬೇಡವೆಂದರೆ ಆ ಮನೆಯ ಹಾಳೆಗಳು ರದ್ದು. ರಬಕವಿಯ ಈ ಓಣಿಯಲ್ಲಿ ಅವನ ಎರಡು ಮನೆಗಳು ಹಾಗೆಯೇ ರದ್ದಾಗಿದ್ದವು. ಎರಡೂ ಕಡೆ ಅವನು ಖರೆ ಹೇಳಿದ್ದ: ಇದರಿಂದ ನಿಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂದು. "ಎರಡೂ ಇಲ್ಲಂದ್ರ ಯಾಕ್ರಿ ಬೇಕು, ಹೋಗ್ರಿ" ಎಂದು ಅವರು ಬಾಗಿಲು ಹಾಕಿಕೊಂಡಿದ್ದರು. ಮೇಲ್ವಿಚಾರಕ ತುಕಾರಾಮ ಫೋನಿನಲ್ಲಿ, "ಲೇ ದುರಗ್ಯಾ, ಈ ಮೂರನೇ ಮನಿನೂ ಕೆಡಿಸಿದಿ ಅಂದ್ರ ಮುಂದಿನ ಮುಧೋಳ, ಬೀಳಗಿ ಕೆಲಸಾ ಎಲ್ಲಾ ಮರ್ತಬಿಡು. ನಿನ್ನ ಹೆಸರ ನಾನ ಹೊಡದ ಹಾಕ್ತೇನಿ" ಎಂದಿದ್ದ. ಹಾಗಾಗಿ ಸೋಮವಾರ ಸಂಜೆ ಈ ಮನೆಯ ಬಾಗಿಲು ತಟ್ಟುವ ಮುಂಚೆ ದುರಗೇಶ ಓಣಿಯಲ್ಲಿ ಎರಡು ಸುತ್ತು ಹಾಕಿದ್ದ. ಪವರ್‌ಲೂಮಿನ ಪಾಳಿ ಮುಗಿಸಿ ಬಂದಿದ್ದ ಚಿದಾನಂದ ಬಾಗಿಲ ಚೌಕಟ್ಟಿಗೆ ಕೈ ಅಡ್ಡ ಇಟ್ಟು, "ನಮ್ಮ ಮನಿ ನೀರ ಅಳದು ನಿಮಗೇನ್ ಆಗಬೇಕಾಗೇತ್ರಿ?" ಎಂದು ಕೇಳಿದ್ದ. ಅವನ ಬೆನ್ನ ಹಿಂದಿನಿಂದ ಹೆಂಡತಿ ಮಧುಮತಿ ಇಣುಕಿ, "ಹೆಚ್ಚ ಸುರಿಯೋರ ಮನಿ ನಳ ಬಂದ್ ಮಾಡ್ತೀರಂತಲ್ರಿ, ಹೌದೇನ್ರಿ?" ಎಂದಳು. ಇಲ್ಲ ಎನ್ನಬೇಕಿತ್ತು. ಅದು ಒಂದೇ ಮಾತು. ದುರಗೇಶ ಕೈಯಲ್ಲಿದ್ದ ಕಾಗದಗಳನ್ನು ಜೋಡಿಸುತ್ತ, "ಅದು ಮ್ಯಾಲಿನವರ ಕೈಯಾಗ ಇರತೈತ್ರಿ" ಎಂದ. ಚಿದಾನಂದನ ಕೈ ಚೌಕಟ್ಟಿನಿಂದ ಕೆಳಗಿಳಿಯಿತು. ಬಾಗಿಲು ಅಷ್ಟು ಸಲೀಸಾಗಿ ತೆರೆದುಕೊಂಡದ್ದನ್ನು ನೋಡಿ ದುರಗೇಶನಿಗೆ ಆಶ್ಚರ್ಯವಾಗಿತ್ತು, ಸ್ವಲ್ಪ ಖುಷಿಯೂ ಆಗಿತ್ತು.

ಒಳಗೆ, ಅಂಗಳಕ್ಕೆ ತೆರೆದ ಪಡಸಾಲೆಯಲ್ಲಿ, ಚಿದಾನಂದನ ತಾಯಿ ಮುತ್ತವ್ವ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದಳು. ಎಪ್ಪತ್ತೆಂಟು ವರ್ಷ, ಹೋದ ವರ್ಷ ಬಿದ್ದು ಸೊಂಟದ ಕೆಳಗಿನ ಚಪ್ಪೆಯ ಎಲುಬು ಮುರಿದುಕೊಂಡವಳು, ಕೋಲು ಹಿಡಿದು ಮನೆಯೊಳಗೆ ಓಡಾಡುವಷ್ಟು ಶಕ್ತಿ ಇತ್ತು. ಅವನು ಕೊಡಗಳಿಗೆ ಚೀಟಿ ಅಂಟಿಸುವುದನ್ನು ನೋಡಿ, "ಏ ತಮ್ಮಾ, ಎಲಿ ಜಗದು ನಾ ಉಗುಳಿದ್ದನ್ನ ಯಾವ ಮನ್ಯಾಗ ಬರೀತಿ?" ಎಂದು ಕೇಳಿದಳು. ಹಾಳೆಯಲ್ಲಿದ್ದ ಚೌಕಗಳನ್ನು ಅವಳು ಮನೆ ಎಂದಿದ್ದಳು. "ಇತರೆ ಅಂತ ಒಂದ ಮನಿ ಐತಿ ಆಯಿ" ಎಂದ. "ಮುದಕ್ಯಾರಿಗೆಲ್ಲಾ ಅದ ಮನಿ ಬಿಡು" ಎಂದು ನಕ್ಕಳು. ಅವಳ ಹಿತ್ತಾಳೆ ತಂಬಿಗೆಗೆ ಹದಿನಾಲ್ಕನೇ ನಂಬರು ಬಂತು. ಒಂಬೈನೂರು ಮಿಲಿ ಹಿಡಿಯುತ್ತಿತ್ತು. ಅಳೆದ ನೀರನ್ನು ಚೆಲ್ಲಬೇಡ ಎಂದು ಇಸಿದುಕೊಂಡು, ತಂಬಿಗೆಯನ್ನು ತುಟಿಗೆ ತಾಗಿಸದೆ ಎತ್ತಿ, ಅರ್ಧ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಿದ್ದಳು. ಆಗ ಏಳು ಗಂಟೆ ಹತ್ತು ನಿಮಿಷ. ಬರೆಯುವ ಅಗತ್ಯವಿಲ್ಲದಿದ್ದರೂ ಅವನು ಅದನ್ನು ಹಾಳೆಯ ಅಂಚಿನಲ್ಲಿ ಗೀಚಿಕೊಂಡಿದ್ದ. ನಾಳೆಯಿಂದ ಹೀಗೆ ಬರೆಯಬೇಕು ಎಂಬ ಅಭ್ಯಾಸಕ್ಕೆ. ಆ ರಾತ್ರಿ ಅವನು ಎದ್ದು ಹೊರಡುವಾಗ ಅಡುಗೆಮನೆಯಿಂದ ಮಧುಮತಿಯ ದನಿ ಕೇಳಿತು: "ಅತ್ತೀ, ನಿಮ್ಮ ಜಳಕಕ್ಕ ದಿನಾ ಎರಡ ಕೊಡ ಹೋಗತಾವು. ಐದ ದಿನಕ್ಕೊಮ್ಮೆ ನಳ ಬರತೈತಿ, ಅದನ್ನೂ ಬಂದ್ ಮಾಡಿದ್ರ ಏನ್ ಮಾಡೂಣು? ಈ ಎರಡ ದಿನ ಮೈ ಒರಸ್ಕೊಂಡು ಪೂಜಿ ಮಾಡ್ಕೊಳ್ರಿ." ಮುದುಕಿಯ ದನಿ, "ಆತು" ಎಂದಿತು. ಅಷ್ಟೇ. ದುರಗೇಶ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ಅದನ್ನು ಕೇಳಿಸಿಕೊಂಡ. ಹಿಂದಿರುಗಿ ಒಂದು ಮಾತು ಹೇಳಲು ಆಗಲೂ ಅವಕಾಶವಿತ್ತು.

ಜಮಖಂಡಿಯ ಹಾಸ್ಟೆಲಿನಲ್ಲಿ ಒಂದು ಬೇಸಿಗೆ ಅವನನ್ನು ವಾರ್ಡನ್ನರು ನೀರಿನ ಮಾನಿಟರ್ ಮಾಡಿದ್ದರು. ಟಾಕಿಯ ಮುಂದೆ ನಿಂತು, ತಲೆಗೆ ನಾಲ್ಕು ಮಗ್ಗು ಎಂದು ಎಣಿಸುವುದು. ಮೊದಲ ದಿನ ಮುಜುಗರವಾಗಿತ್ತು, ಮೂರನೆಯ ದಿನಕ್ಕೆ ಹಿಡಿಸಿತ್ತು. ತನಗಿಂತ ಎತ್ತರದ, ಒಳ್ಳೆಯ ಅಂಗಿಯ ಹುಡುಗರು ಸೋಪಿನ ನೊರೆಯಲ್ಲಿ ಕಣ್ಣು ಮುಚ್ಚಿಕೊಂಡು, "ಇನ್ನೊಂದ ಹಾಕಲೇ, ಕಾಲ ಬೀಳ್ತೇನಿ" ಎಂದು ಬೇಡುವಾಗ ಅವನು ತಡೆದು, ಅವರು ಎರಡನೆಯ ಸಲ ಬೇಡಿದ ಮೇಲೆ ಹಾಕುತ್ತಿದ್ದ. ಕೆಲವೊಮ್ಮೆ ಹಾಕುತ್ತಿರಲಿಲ್ಲ. ಈ ಮನೆಯಲ್ಲಿ ಮಂಗಳವಾರ ಬೆಳಿಗ್ಗೆಯಿಂದ ಎಲ್ಲರೂ ಹಾಗೆ ಅವನ ಮುಖ ನೋಡಿಯೇ ನೀರು ಮುಟ್ಟುತ್ತಿದ್ದರು. ಮಧುಮತಿ ಪಾತ್ರೆಗಳನ್ನು ಬೂದಿಯಲ್ಲಿ ಒಣದಾಗಿಯೇ ತಿಕ್ಕಿ ಒಂದೇ ಬೋಗುಣಿ ನೀರಿನಲ್ಲಿ ಅದ್ದಿ ತೆಗೆದಳು. ಬಟ್ಟೆ ಒಗೆಯಲೇ ಇಲ್ಲ. ಕಕ್ಕಸಿಗೆ ಅವಳು ಪಕ್ಕದ ಮನೆಗೆ ಹೋಗಿ ಬರುತ್ತಿದ್ದಾಳೆ ಎಂಬುದು ಅವನಿಗೆ ಗೊತ್ತಾಗಿತ್ತು. ಗೊತ್ತಾಗದವನಂತೆ ಶೌಚದ ಕಾಲಮ್ಮಿನಲ್ಲಿ ಅವಳ ಪಾಲಿಗೆ ಗೆರೆ ಎಳೆದಿದ್ದ. ಅದರ ಮೇಲೆ ಮುತ್ತವ್ವ ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಹೋಗಿಬಂದ ಒಂದು ಸಾಲು ಇತ್ತು. ಅವನು ಕುಡಿಯುವ ನೀರನ್ನು ತನ್ನ ಬಾಟಲಿಯಲ್ಲೇ ತಂದಿದ್ದ, ಈ ಮನೆಯ ಅಳತೆ ಕೆಡಬಾರದೆಂದು. ಚಿದಾನಂದ, "ನೀವು ಕುಡಿಯೂ ಚಾ ಯಾರ ಪಾಲಿಗೆ ಬರೀತೀರಿ ಸರ? ಅದಕ್ಕ ನಮ್ಮ ನಳ ತಗದೀರಿ ಮತ್ತ" ಎಂದು ನಗೆಯಾಡಿದಾಗಲೂ ಆ ನಗೆಯೊಳಗೆ ಅಂಜಿಕೆ ಇತ್ತು. ಅದನ್ನು ತೆಗೆದುಹಾಕುವ ಮಾತು ದುರಗೇಶನ ನಾಲಿಗೆಯ ಮೇಲೇ ಇತ್ತು. ಅವನು ಚಹಾ ಕುಡಿದು, ಇತರೆ ಕಾಲಮ್ಮಿನಲ್ಲಿ ನೂರಾ ಐವತ್ತು ಮಿಲಿ ಎಂದು ಬರೆದ.

ಬುಧವಾರ, ಎರಡನೆಯ ದಿನ, ಮಧ್ಯಾಹ್ನ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಸದ್ದಿಗೆ ಒಗ್ಗಿದ್ದ ಕಿವಿಗೆ ನಿಶ್ಶಬ್ದವೇ ಗದ್ದಲದಂತೆ ಕೇಳತೊಡಗಿತು. ಚಿದಾನಂದ ಬನಹಟ್ಟಿಗೆ ಪಾಳಿಗೆ ಹೋಗಿದ್ದ, ಮಧುಮತಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬೇವಿನ ನೆರಳಿನಲ್ಲಿ ಕೂತು ದುರಗೇಶ ಎರಡೂ ದಿನದ ಹಾಳೆಗಳನ್ನು ತೊಡೆಯ ಮೇಲೆ ಹರಡಿ ಕೂಡಿಸತೊಡಗಿದ. ಇಷ್ಟು ಕಡಿಮೆ ನೀರಿನ ಮನೆ ಇಡೀ ತಂಡದಲ್ಲೇ ಇರಲಿಲ್ಲ. ನಿನ್ನೆ ರಾತ್ರಿ ಹಾಳೆಯ ಫೋಟೋ ನೋಡಿ ತುಕಾರಾಮ, "ಏನ್ ಬರದೀಯೋ ಮಾರಾಯಾ, ಎಮ್ಮಿಕರ ಕುಡದದ್ದನ್ನೂ ಬಿಟ್ಟಿಲ್ಲಲ್ಲ" ಎಂದು ಹೊಗಳಿದ್ದ. ಆ ಸಾಲನ್ನು ಮತ್ತೊಮ್ಮೆ ನೋಡಬೇಕೆನಿಸಿತು. ನಂಬರು ಹದಿನಾಲ್ಕು, ಜಾನುವಾರು, ಒಂಬೈನೂರು ಮಿಲಿ, ಬೆಳಿಗ್ಗೆ ಎಂಟೂವರೆ. ಮಧುಮತಿ ಅತ್ತೆಗೆಂದು ತಂಬಿಗೆ ತುಂಬಿ ಹೊರಸಿನ ಬಳಿ ಇಟ್ಟುಹೋದದ್ದನ್ನು ಅವನು ಮೊದಲು ಕುಡಿಯಲು ಎಂಬಲ್ಲಿ ಬರೆದಿದ್ದ. ಆಮೇಲೆ ಮುದುಕಿ ಕೋಲೂರಿಕೊಂಡು ಬಂದು ಅದನ್ನು ಎಮ್ಮೆಕರು ನೀರು ಕುಡಿಯುವ ಬಾನಿಗೆ ಸುರಿದಳು. ಅವನು ಅದನ್ನು ಕಂಡು, ಕುಡಿಯಲು ಎಂಬುದನ್ನು ಹೊಡೆದುಹಾಕಿ, ಜಾನುವಾರಿಗೆ ಸೇರಿಸಿದ್ದ. ತನ್ನ ಚುರುಕಿಗೆ ತಾನೇ ಮೆಚ್ಚಿಕೊಂಡಿದ್ದ. ಕೆಳಗೆ ನೋಡಿದ. ಮಧ್ಯಾಹ್ನ ಎರಡಕ್ಕೆ ಅದೇ ಹದಿನಾಲ್ಕು, ಹೊಡೆದುಹಾಕಿದ್ದು, ಜಾನುವಾರು. ಸಂಜೆ ಏಳಕ್ಕೆ, ಜಾನುವಾರು. ಇವತ್ತು ಬೆಳಿಗ್ಗೆ, ಜಾನುವಾರು. ಅವನು ಬೆರಳಿಟ್ಟು ಮೇಲಿನಿಂದ ಕೆಳಗೆ ಎರಡು ಸಲ ಬಂದ. ಮುತ್ತವ್ವ, ಕುಡಿಯಲು: ಒಂದೂ ಇರಲಿಲ್ಲ. ಮುತ್ತವ್ವ, ಸ್ನಾನ: ಒಂದೂ ಇರಲಿಲ್ಲ. ಮನೆಯ ಒಟ್ಟು ಮೊತ್ತ ಮಾತ್ರ ಕೇಳುವ ಹಾಳೆಯಲ್ಲಿ ಒಬ್ಬಳೇ ಒಬ್ಬಳ ಸೊನ್ನೆ ಯಾರಿಗೂ ಕಾಣುವಂತಿರಲಿಲ್ಲ. ಫೋನಿನಲ್ಲಿ ಗಂಟೆ ನೋಡಿದ. ಹನ್ನೆರಡೂ ನಲವತ್ತು.

ಅವನು ಎದ್ದು ಹೊರಸಿನ ಬಳಿ ಹೋದ. ಮುದುಕಿಯ ತುಟಿ ಒಡೆದಿತ್ತು, ಬಾಯಿಯ ಮೂಲೆಯಲ್ಲಿ ಬಿಳಿ ಕಟ್ಟಿತ್ತು. ಎದೆಯ ಮೇಲೆ ಶಿವದಾರದಲ್ಲಿ ತೂಗುತ್ತಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಒಂದು ಕೈ ಮುಚ್ಚಿಕೊಂಡಿತ್ತು.

"ಆಯೀ, ನೀರ ಕುಡದಿಲ್ಲೇನು?"

ಅವಳು ಕಣ್ಣು ತೆರೆದು, ಅಡುಗೆಮನೆಯತ್ತ ನೋಡಿ, ದನಿ ತಗ್ಗಿಸಿದಳು. "ಸೊಸಿಗಿ ಹೇಳಬ್ಯಾಡ."

"ಯಾಕ್ ಬೇ?"

"ಜಳಕಿಲ್ಲದ ಲಿಂಗ ಹ್ಯಾಂಗ ಮುಟ್ಟಲಿ? ಲಿಂಗಕ್ಕ ನೀರ ಹಾಕಲಾರದ ನನ್ನ ಬಾಯಾಗ ಹ್ಯಾಂಗ ಹಾಕ್ಕೊಳ್ಳಲಿ? ಅರವತ್ತ ವರ್ಷ ಬಿಟ್ಟಿಲ್ಲ ತಮ್ಮಾ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡಳು. "ಒರಸ್ಕೊ ಅಂತಾಳ. ಒರಸ್ಕೊಂಡ್ರ ಜಳಕಾ ಅಕ್ಕೈತೇನು? ಆಕೀಗೂ ತ್ರಾಸ ಐತಿ, ಯಾಕ್ ಜಗಳಾ. ಇವತ್ತ ರಾತ್ರಿಗೆ ನಿಂದು ಮುಗೀತೈತಲ್ಲ? ನೀ ಎದ್ದ ಹೋಗು, ನಾ ಎರಡ ಕೊಡ ಹಾಕ್ಕೊಂಡು ಪೂಜಿ ಮಾಡ್ತೇನಿ. ರೊಟ್ಟಿನೂ ಕರದ ಬಾಯಿಗೆ ಹಾಕೇನಿ. ನಂದೇನ ಹೊಸಾ ಉಪಾಸಲ್ಲ."

ಅವನಿಗೆ ಇದು ಗೊತ್ತಿರಲಿಲ್ಲ. ಅವನ ಮನೆಯವರು ಬೀರೇಶ್ವರನ ಒಕ್ಕಲು, ಕುರಿಯ ಹಿಂದೆ ತಿರುಗುವವರು. ಅವನ ಅಜ್ಜಿ ಹಳ್ಳ ಕಂಡಲ್ಲಿ ಬೊಗಸೆ ಹಿಡಿದು ಕುಡಿದು, ಆಮೇಲೆ ದೇವರನ್ನು ನೆನೆಯುತ್ತಿದ್ದಳು. ಸ್ನಾನದ ಕಾಲಮ್ಮಿನಿಂದ ಕುಡಿಯುವ ಕಾಲಮ್ಮಿಗೆ ಹೀಗೊಂದು ದಾರಿ ಇರುತ್ತದೆ ಎಂದು ಅವನಿಗೆ ತರಬೇತಿ ಕೊಟ್ಟ ಯಾರೂ ಹೇಳಿರಲಿಲ್ಲ. ಆದರೆ ಈಗ ಗೊತ್ತಾಯಿತು. ಗೊತ್ತಾದ ಮೇಲೆ ಹತ್ತು ಹೆಜ್ಜೆ ನಡೆದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಕ್ಕಾರ, ನಾ ಸುಳ್ಳ ಹೇಳೇನಿ, ಯಾರ ನಳಾನೂ ಬಂದ್ ಆಗಂಗಿಲ್ಲ, ಎಂದು ಹೇಳಬೇಕಿತ್ತು. ಹೇಳಿದರೆ ಅವಳು ಸಿಟ್ಟಿಗೇಳುತ್ತಾಳೆ, ಗಂಡನಿಗೆ ಫೋನು ಮಾಡುತ್ತಾಳೆ, ಹಾಳೆಗಳನ್ನು ಕಸಿದು ಹರಿಯುತ್ತಾಳೆ. ಹರಿಯದಿದ್ದರೂ ಹಂಡೆಗಟ್ಟಲೆ ನೀರು ಸುರಿದು ಎರಡು ದಿನದ ಅಳತೆಯನ್ನು ಸುಳ್ಳಾಗಿಸುತ್ತಾಳೆ. ಸುಳ್ಳಾಗಿಸುತ್ತಾಳೆ ಎಂದುಕೊಂಡ ಕೂಡಲೇ ಅವನಿಗೆ ತನ್ನ ಅಳತೆಯೇ ಸೋಮವಾರ ಬಾಗಿಲಲ್ಲಿ ಆಡಿದ ಮಾತಿನಿಂದ ಹುಟ್ಟಿದ ಸುಳ್ಳು ಎಂಬುದು ಹೊಳೆಯಿತು. ಹೊಳೆದದ್ದನ್ನು ಬದಿಗೆ ಸರಿಸಿದ. ಒಂಬತ್ತಕ್ಕೆ ಇನ್ನು ಎಂಟು ಗಂಟೆ ಇಪ್ಪತ್ತು ನಿಮಿಷ. ಮುದುಕಿಯೇ ಹೇಳಬೇಡ ಎಂದಿದ್ದಾಳೆ. ಅವಳ ವ್ರತ, ಅವಳ ಮನೆ, ಅವಳ ಸೊಸೆ. ತಾನು ಅಳೆಯುವವನು ಮಾತ್ರ. ಅಳೆಯುವವನು ಮನೆಯ ನಡೆಯೊಳಗೆ ಕೈ ಹಾಕಬಾರದು ಎಂದು ಕೈಪಿಡಿಯ ಎರಡನೆಯ ಪುಟದಲ್ಲೇ ಇದೆ. ಅವನು ಮರದಡಿಗೆ ವಾಪಸು ಬಂದು ಕೂತು, ಬಾಟಲಿ ಎತ್ತಿ ನೀರು ಕುಡಿದ. ಗುಟುಕರಿಸುವ ಸದ್ದು ಇಡೀ ಅಂಗಳಕ್ಕೆ ಕೇಳಿಸುವಷ್ಟು ದೊಡ್ಡದಾಗಿತ್ತು. ಹೊರಸಿನ ಮೇಲಿಂದ ಮುದುಕಿ ಅವನ ಗಂಟಲನ್ನೇ ನೋಡುತ್ತಿದ್ದಳು. ಅವನು ಬೆನ್ನು ತಿರುಗಿಸಿ ಕೂತ.

ಎರಡೂವರೆಗೆ ಮಧುಮತಿ ಕರುವಿಗೆ ಕಣಕಿ ಹಾಕಲು ಹೊರಬಂದಾಗ ಅವನು ಎದ್ದು ನಿಂತ. "ಅಕ್ಕಾರ, ಬಿಸಲ ಭಾಳ ಐತಿ. ಆಯಿಗೆ ಎರಡ ಕೊಡ ಹಾಕಿ ಜಳಕಾ ಮಾಡಸ್ರೆಲಾ."

ಮಧುಮತಿ ಅವನನ್ನು ಮೇಲಿಂದ ಕೆಳಗೆ ನೋಡಿ, ಎರಡು ದಿನದಲ್ಲಿ ಮೊದಲ ಸಲ ನಕ್ಕಳು. "ನನ್ನ ಪರೀಕ್ಷಾ ಮಾಡಾಕತ್ತೀರೇನ್ರಿ ಸರ? ಹಾಕಿಸಿ ಬರಕೊಂಡ ಹೋಗೂದು, ಆಮ್ಯಾಲೆ ನೋಡ್ರಿ ನಿಮ್ಮ ಮನ್ಯಾಗ ಹೆಚ್ಚಾತು ಅನ್ನೂದು. ನಾವೇನ್ ಅಷ್ಟ ಹುಚ್ಚರಲ್ಲ. ಅತ್ತಿ ಛಲೋ ಅದಾರ, ಮುಂಜಾನೆ ತಂಬಗಿ ತುಂಬ ನೀರ ಕುಡದಾರ."

ಈಗಲೂ ಹೇಳಬಹುದಿತ್ತು. ಅವನು ಹಲ್ಲು ಕಿರಿದು, "ಹಂಗಲ್ರೀ" ಎಂದು ಶುರುಮಾಡಿ, ಮುಂದಿನ ಮಾತು ಹುಡುಕುವಷ್ಟರಲ್ಲಿ ಅವಳು ಒಳಗೆ ಹೋಗಿದ್ದಳು. ಹೇಳಿದೆನಲ್ಲ, ಅವಳೇ ಕೇಳಲಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಹೀಗೆ ಹೇಳಿಕೊಂಡದ್ದರಿಂದ ಅರ್ಧ ಗಂಟೆ ಸಮಾಧಾನ ಸಿಕ್ಕಿತು. ಆ ಅರ್ಧ ಗಂಟೆಯಲ್ಲಿ ಅವನು ಮುಧೋಳದಲ್ಲಿ ಹಿಡಿಯಬೇಕಾದ ಬಾಡಿಗೆ ಕೋಣೆಯ ಬಗ್ಗೆ ಯೋಚಿಸಿದ, ಮಾವ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಆಡಬೇಕಾದ ಮಾತನ್ನು ಯೋಚಿಸಿದ. ಮೂರೂವರೆಗೆ ಹೊರಸಿನಿಂದ ಒಂದು ಸದ್ದು ಬಂತು. ಮುತ್ತವ್ವ ಏಳಲು ಹೋಗಿ ಕೋಲು ಜಾರಿ ಬಿದ್ದಿದ್ದಳು. ಅವನು ಓಡಿ ಎತ್ತಿದಾಗ ಅವಳ ಮೈ ಒಣಕಟ್ಟಿಗೆಯಂತೆ ಹಗುರವಾಗಿತ್ತು, ಸುಡುತ್ತಿತ್ತು, ಒಂದು ಹನಿ ಬೆವರಿರಲಿಲ್ಲ. "ಗಿರಿಮಲ್ಲಪ್ಪಾ, ಎತ್ತ ಕಟ್ಟಿದೇನೋ?" ಎಂದು ಅವನನ್ನೇ ನೋಡುತ್ತ ಕೇಳಿದಳು. ಗಿರಿಮಲ್ಲಪ್ಪ ಅವಳ ತಮ್ಮ, ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮಧುಮತಿ ಚೀರಿ ಓಡಿ ಬಂದು, ಹದಿನಾಲ್ಕನೇ ನಂಬರಿನ ತಂಬಿಗೆಯನ್ನು ತಂದು ಅತ್ತೆಯ ಬಾಯಿಗೆ ಹಿಡಿದಳು. ಬುದ್ಧಿ ತಪ್ಪಿದ್ದರೂ ಮುದುಕಿ ಹಲ್ಲು ಬಿಗಿದು ಮುಖ ತಿರುಗಿಸಿದಳು. ನೀರು ಕಿವಿಯ ಹಿಂದೆ ಹರಿದು ಕೊರಳ ಕರಡಿಗೆಯ ಮೇಲೆ ಬಿತ್ತು.

ಆಟೋದಲ್ಲಿ ಬನಹಟ್ಟಿಯ ಆಸ್ಪತ್ರೆಯೊಂದಕ್ಕೆ ಹೋಗುವಷ್ಟು ಹೊತ್ತೂ ದುರಗೇಶ ಮುದುಕಿಯ ಕಾಲುಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದ. ಚೀಲ ಹೆಗಲಲ್ಲಿತ್ತು, ಹಾಳೆಗಳು ಚೀಲದಲ್ಲಿದ್ದವು. ಅವನು ಬಂದದ್ದಕ್ಕೆ ಮಧುಮತಿ ದಾರಿಯುದ್ದಕ್ಕೂ, "ನೀವು ಇದ್ರಿ ಅಂತ ಆತ್ರಿ ಸರ, ನನ್ನೊಬ್ಬಾಕಿ ಕೈಲೆ ಎಲ್ಲಿ ಆಗತಿತ್ರಿ" ಎನ್ನುತ್ತಿದ್ದಳು. ಅವಳು ಹಾಗೆಂದಾಗಲೆಲ್ಲ ಅವನು ಹೊರಗೆ ಸಾಲು ಅಂಗಡಿಗಳನ್ನು ನೋಡುತ್ತಿದ್ದ. ಚಿದಾನಂದ ಮಗ್ಗದ ಶೆಡ್ಡಿನಿಂದ ನೇರ ಆಸ್ಪತ್ರೆಗೇ ಬಂದ, ಕೂದಲ ತುಂಬ ಹತ್ತಿಯ ಧೂಳು. ಡಾಕ್ಟರು ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರು. ಚಿವುಟಿದ ಮಡಿಕೆ ಹಾಗೇ ನಿಂತಿತು.

"ವಾಂತಿ, ಭೇದಿ ಏನರ ಆಗೇತೇನು?"

"ಇಲ್ರಿ."

"ನೀರ ಕುಡೀತಾರಿಲ್ಲೋ?"

"ಕುಡದಾರ್ರೀ. ದಿನಾ ಮೂರ ತಂಬಗಿ ನಾನ ಇಡ್ತೇನಿ. ಇವತ್ತ ಮುಂಜಾನೆನೂ ಕುಡದಾರ" ಎಂದಳು ಮಧುಮತಿ. ಅವಳು ಸುಳ್ಳು ಹೇಳುತ್ತಿರಲಿಲ್ಲ.

ಡಾಕ್ಟರು ಹುಬ್ಬು ಗಂಟಿಕ್ಕಿದರು. "ಕುಡದಾರ ಅಂದ್ರ ಇದು ಬ್ಯಾರೇನ ಇರಬೇಕು. ಕೊನೀಗೆ ಮೂತ್ರಕ್ಕ ಹೋಗಿದ್ದು ಯಾವಾಗ?"

ಮಧುಮತಿ ಗಂಡನ ಮುಖ ನೋಡಿದಳು. ಚಿದಾನಂದ ನೆಲ ನೋಡಿದ. ಇಬ್ಬರಿಗೂ ಗೊತ್ತಿರಲಿಲ್ಲ, ಯಾವ ಮನೆಯಲ್ಲಿ ಯಾರು ಇದನ್ನು ಗಮನಿಸಿರುತ್ತಾರೆ. ಡಾಕ್ಟರು ನರ್ಸಿಗೆ ಯಾವುದೋ ಬೇರೆ ಪರೀಕ್ಷೆಯ ಹೆಸರು ಹೇಳತೊಡಗಿದರು. ದುರಗೇಶ ಬಾಗಿಲ ಬಳಿ ನಿಂತಿದ್ದ. ಹೊರಗೆ ಹೋಗಲು ಒಂದು ಹೆಜ್ಜೆ ಸಾಕಾಗಿತ್ತು, ಯಾರೂ ತಡೆಯುತ್ತಿರಲಿಲ್ಲ. ಚೀಲದಲ್ಲಿದ್ದ ಹಾಳೆಗಳು ಅಷ್ಟೇ ಅಚ್ಚುಕಟ್ಟಾಗಿ ತುಕಾರಾಮನ ಕೈ ಸೇರುತ್ತಿದ್ದವು.

"ನಿನ್ನೆ ಮಧ್ಯಾಹ್ನ ಒಂದೂ ಇಪ್ಪತ್ತಕ್ಕ" ಎಂದ. ದನಿ ಅವನದೇ ಆಗಿತ್ತು. "ಆಮ್ಯಾಲೆ ಹೋಗಿಲ್ರಿ. ನೀರ ಕುಡದಿದ್ದು ಸೋಮವಾರ ಸಂಜಿ ಏಳೂ ಹತ್ತಕ್ಕ, ನಾನೂರಾ ಐವತ್ತ ಮಿಲಿ. ಅಲ್ಲಿಂದ ಇಲ್ಲೀತನಕಾ ಏನೂ ಇಲ್ರಿ. ಇಟ್ಟ ನೀರ ಎಲ್ಲಾ ಕರದ ಬಾನಿಗೆ ಹಾಕ್ಯಾರ."

ಡಾಕ್ಟರು ಅವನತ್ತ ತಿರುಗಿ, ಇವನ್ಯಾರು ಎಂಬಂತೆ ನೋಡಿದರು, ಕೇಳುವಷ್ಟು ಪುರಸೊತ್ತಿರಲಿಲ್ಲ. ಎರಡು ದಿನ ಅಂದ್ರ ಕಿಡ್ನಿ ಏನಾಗೇತೋ ನೋಡಬೇಕು ಎನ್ನುತ್ತ ನರ್ಸನ್ನು ಕೂಗಿ ಪರದೆ ಎಳೆದರು. ಪರದೆಯ ಈಚೆ ಮೂವರು ಉಳಿದರು. ಚಿದಾನಂದ ಮೆಲ್ಲಗೆ ಅವನ ಹತ್ತಿರ ಬಂದ. ಹೊಡೆಯುತ್ತಾನೆ ಎಂದುಕೊಂಡ ದುರಗೇಶ, ಹೊಡೆದರೆ ಒಳ್ಳೆಯದು ಎಂದೂ ಅಂದುಕೊಂಡ. ಚಿದಾನಂದ ಹೊಡೆಯಲಿಲ್ಲ.

"ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ."

"ಯಾವಾಗಿಂದ?"

"ಹನ್ನೆರಡೂ ನಲವತ್ತರಿಂದ."

ಚಿದಾನಂದ ಗೋಡೆಗೆ ಹಣೆ ಇಟ್ಟು ನಿಂತುಬಿಟ್ಟ. ಮಧುಮತಿ ಅತ್ತೆಯ ಚಪ್ಪಲಿಗಳನ್ನು ಇನ್ನೂ ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಅವಳು ದುರಗೇಶನ ಮುಂದೆ ಬಂದು, ಮುಖದ ಹತ್ತಿರ ಮುಖ ತಂದು, ಮೊದಲ ದಿನ ಬಾಗಿಲಲ್ಲಿ ಕೇಳಿದ್ದಕ್ಕಿಂತ ಸಣ್ಣ ದನಿಯಲ್ಲಿ ಕೇಳಿದಳು: "ನಾ ಎರಡ ಕೊಡ ಹಾಕಿದ್ರ ನಮ್ಮ ನಳ ಬಂದ್ ಆಗತಿತ್ತಲ್ರಿ ಸರ? ಆಗತಿತ್ತು ಹೌದಿಲ್ಲೋ?"

ಅವನು ಚೀಲವನ್ನು ಹೆಗಲಿನಿಂದ ಇಳಿಸಿ ನೆಲಕ್ಕಿಟ್ಟ.

"ಹೌದನ್ರೆಲಾ" ಎಂದಳು. ಅವಳ ಕಣ್ಣು ಅವನ ಬಾಯಿಯ ಮೇಲೆಯೇ ಇತ್ತು. "ಹೌದನ್ರಿ. ಒಂದ ಮಾತ ಅನ್ರಿ, ಸಾಕು."

ಸೋಮವಾರ ಬಾಗಿಲಲ್ಲಿ ಆಡದೆ ನುಂಗಿದ ಮಾತನ್ನು ಇವತ್ತೂ ನುಂಗಿದರೆ ಈ ಹೆಂಗಸು, ತಪ್ಪು ತನ್ನದಲ್ಲವೆಂದು, ಬದುಕಿಕೊಳ್ಳುತ್ತಾಳೆ ಎಂದು ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಪರದೆಯಾಚೆ ನರ್ಸು, ನರ ಸಿಗುತ್ತಿಲ್ಲ, ಇನ್ನೊಂದು ಕೈ ಕೊಡಿ ಎನ್ನುತ್ತಿದ್ದಳು.

"ಇಲ್ರಿ" ಎಂದ ದುರಗೇಶ. "ಯಾರ ನಳಾನೂ ಬಂದ್ ಆಗತಿರಲಿಲ್ಲ."

ಮಧುಮತಿ ತಲೆಯಾಡಿಸಿದಳು, ಲೆಕ್ಕದ ಉತ್ತರ ಸರಿಬಂದಾಗ ಆಡಿಸುವ ಹಾಗೆ. ಆಮೇಲೆ ಬಾಗಿ, ಅತ್ತೆಯ ಚಪ್ಪಲಿಗಳನ್ನು ಪರದೆಯ ಕೆಳಗೆ, ಮಂಚದಿಂದ ಇಳಿದರೆ ಕಾಲಿಗೆ ಸಿಗುವಂತೆ, ಜೋಡಿಸಿ ಇಡತೊಡಗಿದಳು. ಇಟ್ಟಳು, ಸರಿಬರಲಿಲ್ಲವೆಂದು ತೆಗೆದು ಮತ್ತೆ ಇಟ್ಟಳು, ಮತ್ತೆ ತೆಗೆದಳು.